ವೈದ್ಯರ ಮುಂದೆ ಮೌನ, ಮನೆಯಲ್ಲಿ ತಾನೇ ವೈದ್ಯ

ಮಧುಮೇಹದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುತೇಕ ಅಂಕಿಸಂಖ್ಯೆಗಳಲ್ಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರ ಜೂನ್‌ನಲ್ಲಿ ಪ್ರಕಟವಾದಾಗ, ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂಬ ಸಂಗತಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅನ್ನ ಬಿಡಬೇಕೇ, ಎಷ್ಟು ನಡೆಯಬೇಕು, ಔಷಧಗಳ ಬೆಲೆ ಏನು ಎಂಬ ಮಾತುಗಳು ಸಾಕಷ್ಟು ಬಂದವು. ಆದರೆ ಈ ಕೋಟ್ಯಂತರ ಜನ ವೈದ್ಯರ ಎದುರು ಕುಳಿತ ಆ ಕೆಲವು ನಿಮಿಷಗಳಲ್ಲಿ ಏನು ನಡೆಯುತ್ತದೆ, ಅಲ್ಲಿ ಅವರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

'ಕೆಲವು ನಿಮಿಷ' ಎಂಬುದು ಅಲಂಕಾರದ ಮಾತಲ್ಲ. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯದ ಬಗ್ಗೆ 67 ದೇಶಗಳ ಮಾಹಿತಿಯನ್ನು ಕಲೆಹಾಕಿದ ಅಧ್ಯಯನವೊಂದು 2017ರಲ್ಲಿ ಬ್ರಿಟನ್ನಿನ 'ಬಿಎಂಜೆ ಓಪನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ವೀಡನ್‌ನಲ್ಲಿ ಇದು ಸರಾಸರಿ 22 ನಿಮಿಷಕ್ಕೂ ಹೆಚ್ಚು. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಜ್ವರಕ್ಕೋ ಕೆಮ್ಮಿಗೋ ಎರಡು ನಿಮಿಷ ಸಾಕಾದೀತು. ಜೀವನಪರ್ಯಂತ ಜೊತೆಗಿರುವ ಕಾಯಿಲೆಗೆ ಅದು ಸಾಕೇ?

ಒಂದು ಸರಳ ಲೆಕ್ಕ ನೋಡೋಣ. ವರ್ಷಕ್ಕೆ 8,760 ಗಂಟೆಗಳು. ಮೂರು ತಿಂಗಳಿಗೊಮ್ಮೆ ತಪ್ಪದೆ ವೈದ್ಯರಲ್ಲಿಗೆ ಹೋಗುವ ಶಿಸ್ತಿನ ರೋಗಿಗೆ ಪ್ರತಿ ಸಲ ಹತ್ತು ನಿಮಿಷ ಸಿಕ್ಕಿತೆಂದೇ ಇಟ್ಟುಕೊಂಡರೂ ವರ್ಷಕ್ಕೆ 40 ನಿಮಿಷವಾಯಿತು. ಉಳಿದ ಅವಧಿಯಲ್ಲೆಲ್ಲ ಆತನೇ ತನ್ನ ವೈದ್ಯ. ಮುದ್ದೆ ಒಂದೋ ಎರಡೋ, ಏಕಾದಶಿಯ ಉಪವಾಸದಂದು ಅಥವಾ ರಂಜಾನ್ ತಿಂಗಳಲ್ಲಿ ಮಾತ್ರೆ ನುಂಗಬೇಕೋ ಬಿಡಬೇಕೋ, ನಡುರಾತ್ರಿ ಮೈ ಬೆವತು ಕೈ ನಡುಗಿದರೆ ಏನು ಮಾಡಬೇಕು – ಇವೆಲ್ಲ ಚಿಕಿತ್ಸೆಯ ತೀರ್ಮಾನಗಳೇ, ಮತ್ತು ಇವನ್ನು ಕೈಗೊಳ್ಳುವವರು ರೋಗಿಗಳೇ. ಕರುಳುಬಾಲದ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಪ್ರಜ್ಞೆಯಿಲ್ಲದೆ ಮಲಗಿದ್ದರೆ ಸಾಕು, ಉಳಿದದ್ದು ವೈದ್ಯರ ಕೈಚಳಕ. ಮಧುಮೇಹ ಹಾಗಲ್ಲ. ಆಡಳಿತದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವೈದ್ಯರು ನೀತಿ ರೂಪಿಸುವವರು, ರೋಗಿ ಅದನ್ನು ಜಾರಿಗೆ ತರುವ ಅಧಿಕಾರಿ. ಜಾರಿಗೆ ತರುವವನ ಕಷ್ಟವನ್ನು ಕೇಳದೆ ರೂಪಿಸಿದ ಯೋಜನೆಗಳ ಗತಿ ಏನಾಗುತ್ತದೆ ಎಂಬುದು ಸರ್ಕಾರಿ ಸೇವೆಯಲ್ಲಿ ಕೆಲ ವರ್ಷ ಕಳೆದ ಯಾರಿಗಾದರೂ ಗೊತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಕೆನೆತ್ ಆರೋ ಅವರು 1963ರಲ್ಲಿ ಬರೆದ ಪ್ರಬಂಧ ಪರಿಚಿತ. ಆರೋಗ್ಯ ಸೇವೆ ಇತರ ಸರಕುಗಳಂತಲ್ಲ. ಕೊಳ್ಳುವವನಿಗೂ ಕೊಡುವವನಿಗೂ ಇರುವ ತಿಳಿವಳಿಕೆಯಲ್ಲಿ ಅಗಾಧ ಅಂತರವಿರುವುದರಿಂದ ಮಾರುಕಟ್ಟೆಯ ಸಾಮಾನ್ಯ ನಿಯಮಗಳು ಇಲ್ಲಿ ನಡೆಯುವುದಿಲ್ಲ, ಆದ್ದರಿಂದಲೇ ವೈದ್ಯರ ಮೇಲಿನ ನಂಬಿಕೆಗೆ ಇಲ್ಲಿ ಅಷ್ಟೊಂದು ಮಹತ್ವ ಎಂದು ಅವರು ವಾದಿಸಿದ್ದರು. ಈ ವಾದ ಇಂದಿಗೂ ಸರಿ. ಆದರೆ ದೀರ್ಘಕಾಲದ ಕಾಯಿಲೆಗಳಲ್ಲಿ ಈ ಅಸಮಾನತೆ ಎರಡೂ ದಿಕ್ಕಿನಲ್ಲಿದೆ ಎಂಬುದನ್ನು ನಾವು ಮರೆಯುತ್ತೇವೆ. ಮೇದೋಜೀರಕ ಗ್ರಂಥಿ, ಇನ್ಸುಲಿನ್, ಔಷಧದ ಅಡ್ಡಪರಿಣಾಮ ಇವೆಲ್ಲ ವೈದ್ಯರಿಗೆ ಗೊತ್ತು. ತನ್ನ ಕೆಲಸದ ಪಾಳಿ, ಅಡುಗೆಮನೆ, ಜೇಬು, ಭಯ ಇವು ಗೊತ್ತಿರುವುದು ರೋಗಿಗೆ ಮಾತ್ರ. ಈ ಎರಡು ಅರ್ಧಗಳು ಕೂಡಿದರಷ್ಟೇ ಚಿಕಿತ್ಸೆ ಪೂರ್ಣವಾಗುತ್ತದೆ. ಅವು ಕೂಡಬೇಕಾದ ಏಕೈಕ ಸ್ಥಳ ಸಮಾಲೋಚನೆಯ ಕೊಠಡಿ.

ಅಲ್ಲಿ ನಡೆಯುವುದಾದರೂ ಏನು? ರೋಗಿ ರಕ್ತಪರೀಕ್ಷೆಯ ವರದಿಯನ್ನು ಮುಂದಿಡುತ್ತಾರೆ. ವೈದ್ಯರು ಅದರಲ್ಲಿನ ಅಂಕಿಯನ್ನು ನೋಡಿ 'ಶುಗರ್ ಜಾಸ್ತಿಯಾಗಿದೆ, ಪಥ್ಯ ಸರಿಯಾಗಿ ಮಾಡುತ್ತಿಲ್ಲ' ಎನ್ನುತ್ತಾರೆ. ರೋಗಿ ತಲೆ ತಗ್ಗಿಸುತ್ತಾರೆ. ಚೀಟಿಗೆ ಇನ್ನೊಂದು ಮಾತ್ರೆ ಸೇರುತ್ತದೆ. 'ಮೂರು ತಿಂಗಳು ಬಿಟ್ಟು ಬನ್ನಿ' ಎಂಬಲ್ಲಿಗೆ ಸಮಾಲೋಚನೆ ಮುಗಿಯಿತು. ಹೇಳದೆ ಉಳಿದ ಮಾತುಗಳ ಪಟ್ಟಿ ಇದಕ್ಕಿಂತ ಉದ್ದವಾಗಿರುತ್ತದೆ. ತಿಂಗಳ ಕೊನೆಯಲ್ಲಿ ದುಡ್ಡು ಸಾಲದೆ ಹತ್ತು ದಿನ ಮಾತ್ರೆ ನಿಲ್ಲಿಸಿದ್ದು, ನೆರೆಯವರು ಹೇಳಿದರೆಂದು ಹಾಗಲಕಾಯಿ ರಸವನ್ನೋ ಮಧುನಾಶಿನಿ ಪುಡಿಯನ್ನೋ ಸೇವಿಸುತ್ತಿರುವುದು, ಪಾದ ಜೋಮು ಹಿಡಿದು ಚಪ್ಪಲಿ ಜಾರಿದ್ದೂ ತಿಳಿಯದಿರುವುದು, ದಾಂಪತ್ಯದಲ್ಲಿ ಉಂಟಾದ ದೌರ್ಬಲ್ಯ, ಸಕ್ಕರೆ ಇಳಿದು ತಲೆ ಸುತ್ತಿದ್ದನ್ನು ಹೇಳಿದರೆ ವಾಹನ ಓಡಿಸುವ ಕೆಲಸವೇ ಹೋದೀತೆಂಬ ಚಾಲಕನ ಅಂಜಿಕೆ – ಇವು ಯಾವುವೂ ವರದಿಯ ಹಾಳೆಯಲ್ಲಿ ಕಾಣುವುದಿಲ್ಲ.

ಈ ಮೌನ ಅಪಾಯಕಾರಿ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬರೆದುಕೊಟ್ಟ ಮಾತ್ರೆಯಲ್ಲಿ ಅರ್ಧವನ್ನಷ್ಟೇ ನುಂಗುತ್ತಿರುವ ರೋಗಿಯ ಸಕ್ಕರೆ ಇಳಿಯದಿದ್ದರೆ, ಔಷಧವೇ ಸಾಲದೆಂದು ಭಾವಿಸಿ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಮುಂದೊಂದು ದಿನ ಮಗನೋ ಸೊಸೆಯೋ ಎಚ್ಚರ ವಹಿಸಿ ಚೀಟಿಯಲ್ಲಿರುವಂತೆ ಪೂರ್ತಿ ಮಾತ್ರೆ ಕೊಡಲಾರಂಭಿಸಿದಾಗ ಸಕ್ಕರೆ ಒಮ್ಮೆಲೇ ಕುಸಿಯಬಹುದು. ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಗ್ಲಿಮೆಪಿರೈಡ್‌ನಂಥ ಔಷಧಗಳನ್ನು ಸೇವಿಸಿ ಊಟ ಬಿಟ್ಟರೆ ಆಗುವುದೂ ಇದೇ. ವಯಸ್ಸಾದವರಲ್ಲಿ ಇಂತಹ ಕುಸಿತ ಪ್ರಜ್ಞೆ ತಪ್ಪಿಸುವಷ್ಟು, ಬಿದ್ದು ಮೂಳೆ ಮುರಿಯುವಷ್ಟು ತೀವ್ರವಾಗಬಲ್ಲದು. ಮಾತು ಹೊರಬಾರದ ಕಾರಣಕ್ಕೆ ಔಷಧವೇ ಅಪಾಯವಾಗುವ ಪರಿ ಇದು.

ಈ ಮೌನಕ್ಕೆ ಕಾರಣ ರೋಗಿಗಳ ಅಜ್ಞಾನ ಎಂದು ಕೈತೊಳೆದುಕೊಳ್ಳುವುದು ಸುಲಭ. ವಾಸ್ತವ ಅಷ್ಟು ಸರಳವಲ್ಲ. ವೈದ್ಯರನ್ನು ನಾರಾಯಣನ ಸ್ಥಾನದಲ್ಲಿಟ್ಟ ಸಮಾಜದಲ್ಲಿ ಪ್ರಶ್ನೆ ಕೇಳುವುದೇ ಅವಿನಯವೆನಿಸುತ್ತದೆ. ಸುಶಿಕ್ಷಿತರೂ ಇದಕ್ಕೆ ಹೊರತಲ್ಲ. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಟ್ಟು, ಕಟ್ಟುನಿಟ್ಟಿನ ಪಥ್ಯ ಮಾಡಿ ರಕ್ತ ಕೊಟ್ಟು ಬರುವ ಪ್ರಾಧ್ಯಾಪಕರೂ ಬ್ಯಾಂಕ್ ಅಧಿಕಾರಿಗಳೂ ನಮ್ಮ ನಡುವೆ ಇದ್ದಾರೆ. ಅವರಿಗೆ ವರದಿಯೆಂದರೆ ಪರೀಕ್ಷೆಯ ಅಂಕಪಟ್ಟಿ, ವೈದ್ಯರೆಂದರೆ ಗದರುವ ಮೇಷ್ಟ್ರು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಈ ಜಾಣತನ ನಡೆಯದು ಎಂಬುದು ಬೇರೆ ಮಾತು.

ಭಾಷೆಯ ತೊಡಕೂ ಕಡಿಮೆಯದಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದವರ ಮಾತು ಹೊರರಾಜ್ಯದ ವೈದ್ಯರಿಗೆ ಅರ್ಥವಾಗುವುದಿಲ್ಲ. ವೈದ್ಯರ ಇಂಗ್ಲಿಷ್ ಇವರಿಗೆ ಅರ್ಥವಾಗುವುದಿಲ್ಲ. ನಡುವೆ ಮಗನೋ ಮಗಳೋ ದುಭಾಷಿ. ಐದು ನಿಮಿಷದ ಮಾತುಕತೆ ಮಗ ಮತ್ತು ವೈದ್ಯರ ನಡುವೆ ನಡೆದು, ಕೊನೆಗೆ 'ಏನೂ ಇಲ್ಲಮ್ಮ, ಮಾತ್ರೆ ಬದಲಾಯಿಸಿದ್ದಾರೆ' ಎಂಬಷ್ಟೇ ತಾಯಿಯ ಕಿವಿಗೆ ಬೀಳುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ವಿಪರ್ಯಾಸವಿದೆ. ರೋಗಿ ಹೆಂಡತಿಯಾಗಿದ್ದರೆ ವೈದ್ಯರ ಪ್ರಶ್ನೆಗೆ ಗಂಡ ಉತ್ತರಿಸುತ್ತಾನೆ. ರೋಗಿ ಗಂಡನಾಗಿದ್ದರೆ, ಅವನಿಗೆ ಅಡುಗೆ ಮಾಡಿ ಬಡಿಸುವ ಹೆಂಡತಿ ಎಷ್ಟೋ ಸಲ ಕೊಠಡಿಯ ಹೊರಗಿರುತ್ತಾಳೆ. ಆಹಾರದ ಸಲಹೆ ತಲುಪಬೇಕಾದವರಿಗೆ ತಲುಪುವುದೇ ಇಲ್ಲ.

ರೋಗಿಯ ಮಾತು ಕೇಳುವುದರಿಂದ ಚಿಕಿತ್ಸೆಯ ಫಲಿತಾಂಶ ನಿಜಕ್ಕೂ ಬದಲಾಗುತ್ತದೆಯೇ ಅಥವಾ ಇದು ಬರೀ ಸೌಜನ್ಯದ ಪ್ರಶ್ನೆಯೇ? ಈ ಬಗ್ಗೆ ಅಮೆರಿಕದಲ್ಲಿ ನಡೆದ ಮೂರು ಅಧ್ಯಯನಗಳು ಗಮನಾರ್ಹ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅವರು 74 ಭೇಟಿಗಳ ಧ್ವನಿಮುದ್ರಣವನ್ನು ಪರಿಶೀಲಿಸಿದಾಗ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ತಡೆಯುತ್ತಿದ್ದರು. ತಮ್ಮ ಮೊದಲ ಮಾತನ್ನು ಪೂರ್ತಿ ಹೇಳಿದ ರೋಗಿಗಳು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. 1988ರಲ್ಲಿ ಗ್ರೀನ್‌ಫೀಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನೇರವಾಗಿ ಮಧುಮೇಹಿಗಳದ್ದೇ. ವೈದ್ಯರ ಭೇಟಿಗೆ ಮುನ್ನ 20 ನಿಮಿಷ ಸಹಾಯಕರೊಬ್ಬರು ರೋಗಿಯ ಜೊತೆ ಕುಳಿತು, ಅವರದೇ ದಾಖಲೆಗಳನ್ನು ತೆರೆದು ತೋರಿಸಿ, ಯಾವ ವಿಷಯ ಕೇಳಬೇಕು, ಹೇಗೆ ಕೇಳಬೇಕು, ಸಂಕೋಚವನ್ನು ಹೇಗೆ ಮೀರಬೇಕು ಎಂದು ತಯಾರಿ ಮಾಡಿಸುತ್ತಿದ್ದರು. ಹೀಗೆ ತಯಾರಾದ 33 ಮಂದಿಯಲ್ಲಿ ಸಕ್ಕರೆಯ ದೀರ್ಘಾವಧಿ ಸರಾಸರಿಯನ್ನು ಸೂಚಿಸುವ ಹಿಮೋಗ್ಲೋಬಿನ್ ಪ್ರಮಾಣ ಅಂದಿನ ಅಳತೆಯಲ್ಲಿ ಶೇ 10.6ರಿಂದ ಶೇ 9.1ಕ್ಕೆ ಇಳಿಯಿತು. ತಯಾರಿ ಇಲ್ಲದ 26 ಮಂದಿಯಲ್ಲಿ ಅದು ಶೇ 10.3 ಇದ್ದದ್ದು ಶೇ 10.6 ಆಯಿತು.

ಮೂರನೆಯದು 2003ರಲ್ಲಿ ಪ್ರಕಟವಾದದ್ದು. ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ, ಓದು ಬರಹ ಅಷ್ಟಾಗಿ ಇಲ್ಲದ ಮಧುಮೇಹಿಗಳ ಸಮಾಲೋಚನೆಗಳನ್ನು ಶಿಲ್ಲಿಂಜರ್ ಮತ್ತು ಸಂಗಡಿಗರು ದಾಖಲಿಸಿಕೊಂಡರು. ವೈದ್ಯರು ಹೇಳಿದ 124 ಹೊಸ ಸಂಗತಿಗಳಲ್ಲಿ 'ನಿಮಗೆ ಏನು ಅರ್ಥವಾಯಿತು, ಹೇಳಿ ನೋಡೋಣ' ಎಂದು ಪರೀಕ್ಷಿಸಿದ್ದು ಕೇವಲ 15ನ್ನು. ಹೀಗೆ ಪರೀಕ್ಷಿಸಿದ ವೈದ್ಯರ ರೋಗಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಅದಕ್ಕೆ ಹೆಚ್ಚು ಸಮಯವೂ ಹಿಡಿಯಲಿಲ್ಲ. ಇವು ಸಣ್ಣ ಅಧ್ಯಯನಗಳು, ನಂತರ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟೇ ದೊಡ್ಡ ಫಲ ಕಂಡಿಲ್ಲ ಎಂಬುದು ನಿಜ. ಆದರೂ ಅವು ತೋರಿದ ದಿಕ್ಕನ್ನು ಅಲ್ಲಗಳೆಯುವಂತಿಲ್ಲ.

ಇನ್ನೂ ಮುಖ್ಯವಾದದ್ದು, ವೈದ್ಯವಿಜ್ಞಾನವೇ ಈಗ ರೋಗಿಯ ಮಾತನ್ನು ಬೇಡುತ್ತಿದೆ. ಅಮೆರಿಕ ಮತ್ತು ಯುರೋಪಿನ ಮಧುಮೇಹ ತಜ್ಞರ ಸಂಘಟನೆಗಳು 2012ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗದರ್ಶನವು ರೋಗಿಯನ್ನೇ ಕೇಂದ್ರವಾಗಿರಿಸಿಕೊಂಡ ಚಿಕಿತ್ಸೆಯನ್ನು ಪ್ರತಿಪಾದಿಸಿತು. ಎಲ್ಲರಿಗೂ ಒಂದೇ ಗುರಿ ಎಂಬ ಕಾಲ ಹೋಯಿತು. ಬಹುತೇಕ ವಯಸ್ಕರಿಗೆ ಎಚ್‌ಬಿಎ1ಸಿ ಶೇ 7ರ ಆಸುಪಾಸಿನಲ್ಲಿರಬೇಕು ಎನ್ನುವುದು ಸಾಮಾನ್ಯ ಸೂತ್ರವಾದರೂ, ಒಂಟಿಯಾಗಿ ಬದುಕುವ 78 ವರ್ಷದ ಹಿರಿಯರಿಗೆ ಅದಕ್ಕಿಂತ ಸಡಿಲವಾದ ಗುರಿಯೇ ಸುರಕ್ಷಿತ; ನಲವತ್ತರ ಆರೋಗ್ಯವಂತ ನೌಕರರಿಗೆ ಇನ್ನೂ ಬಿಗಿಯಾದ ಗುರಿ ಸಾಧ್ಯ. ಮನೆಯಲ್ಲಿ ಯಾರಿದ್ದಾರೆ, ಹಿಂದೆ ಸಕ್ಕರೆ ಕುಸಿದದ್ದುಂಟೇ, ಯಾವ ಔಷಧದ ಖರ್ಚು ಭರಿಸಬಲ್ಲರು ಎಂದು ಕೇಳದೆ ಈ ಗುರಿಯನ್ನು ನಿಗದಿಪಡಿಸುವುದೇ ಅಸಾಧ್ಯ.

ಇಲ್ಲಿ ವೈದ್ಯರ ಆಕ್ಷೇಪವನ್ನು ಸಹಾನುಭೂತಿಯಿಂದ ಕೇಳಬೇಕು. ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆದಿರುವಾಗ ಪ್ರತಿಯೊಬ್ಬರ ಕಥೆಯನ್ನೂ ಕೇಳುತ್ತ ಕುಳಿತರೆ ಕೊನೆಯವರಿಗೆ ಚಿಕಿತ್ಸೆಯೇ ಸಿಗುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಗ್ರೀನ್‌ಫೀಲ್ಡ್ ಅವರ ಅಧ್ಯಯನದ 20 ನಿಮಿಷ ವೈದ್ಯರದ್ದಾಗಿರಲಿಲ್ಲ, ಸಹಾಯಕರದ್ದು. ನಮ್ಮ ಆಸ್ಪತ್ರೆಗಳಲ್ಲಿ ಎರಡು ನಿಮಿಷದ ಭೇಟಿಗಾಗಿ ರೋಗಿ ಎರಡು ಗಂಟೆ ಬೆಂಚಿನ ಮೇಲೆ ಕಾಯುತ್ತಾರೆ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದು ಪೋಲಾಗುತ್ತಿರುವ ಸಂಪನ್ಮೂಲ. ಅದೇ ಸಮಯದಲ್ಲಿ ತರಬೇತಿ ಪಡೆದ ಶುಶ್ರೂಷಕಿಯೊಬ್ಬರು ನಾಲ್ಕೈದು ರೋಗಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಳೆದ ಬಾರಿಯ ಚೀಟಿ ನೋಡಿ, ನಿಜವಾಗಿ ಸೇವಿಸುತ್ತಿರುವ ಔಷಧಗಳನ್ನು ಗುರುತು ಮಾಡಿ, ಕೇಳಬೇಕಾದ ಎರಡು ಪ್ರಶ್ನೆಗಳನ್ನು ಬರೆಸಬಹುದು. ಎಲ್ಲರೆದುರು ಹೇಳಲಾಗದ್ದನ್ನು ಪಕ್ಕಕ್ಕೆ ಕರೆದು ಕೇಳಬಹುದು. ಆಗ ವೈದ್ಯರ ಎರಡು ನಿಮಿಷಕ್ಕೂ ಬೆಲೆ ಬರುತ್ತದೆ.

ಇನ್ನೊಂದು ಆತಂಕವೂ ಇದೆ. ಅಂತರ್ಜಾಲದಲ್ಲಿ ಅರೆಬರೆ ಓದಿಕೊಂಡು ಬಂದವರು ವೈದ್ಯರ ಜೊತೆ ವಾದಕ್ಕಿಳಿಯುವುದೇ ಪಾಲ್ಗೊಳ್ಳುವಿಕೆಯೇ? ಅಲ್ಲ. ಪಾಲ್ಗೊಳ್ಳುವುದೆಂದರೆ ವೈದ್ಯರ ಕೈಯಿಂದ ಲೇಖನಿಯನ್ನು ಕಿತ್ತುಕೊಳ್ಳುವುದಲ್ಲ. 'ನೀವೇ ತೀರ್ಮಾನಿಸಿ ಡಾಕ್ಟ್ರೇ' ಎಂದು ಹೇಳುವ ಹಕ್ಕೂ ರೋಗಿಗೆ ಇದೆ. ಆದರೆ ಆಯ್ಕೆಗಳೇನೆಂದು ತಿಳಿಸಿದ ಮೇಲೆ ಆ ಮಾತು ಬರಬೇಕು. ಹಾಗೆಯೇ, ಪಾಲ್ಗೊಳ್ಳುವಿಕೆಯ ಹೆಸರಿನಲ್ಲಿ ಹೊಣೆಯನ್ನೆಲ್ಲ ರೋಗಿಯ ಹೆಗಲಿಗೆ ಜಾರಿಸುವುದೂ ಸಲ್ಲದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಜೇಬಿನಿಂದ ಭರಿಸುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ರಲ್ಲಿ ಶೇ 39.4ಕ್ಕೆ ಇಳಿದಿದೆ. ಇದು ಸ್ವಾಗತಾರ್ಹ. ಆದರೆ ಸರ್ಕಾರದ ವಿಮಾ ಯೋಜನೆಗಳು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಇರುವಂಥವು. ಮಧುಮೇಹದ ಖರ್ಚು ಹೆಚ್ಚಾಗಿ ಹೊರರೋಗಿಯದ್ದು – ದಿನದಿನದ ಮಾತ್ರೆ, ಸಕ್ಕರೆ ಅಳೆಯುವ ಪಟ್ಟಿ, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಆದ್ದರಿಂದ 'ಈ ಔಷಧ ನಿಮ್ಮ ಕೈಗೆಟಕುತ್ತದೆಯೇ' ಎಂಬ ಪ್ರಶ್ನೆ ವೈದ್ಯಕೀಯ ಪ್ರಶ್ನೆಯೇ ಹೌದು.

ಹಕ್ಕುಗಳ ವಿಷಯದಲ್ಲಿ ನಮ್ಮಲ್ಲಿ ಕೊರತೆಯಿಲ್ಲ. ಮಾಹಿತಿ ನೀಡಿ ಪಡೆದ ಒಪ್ಪಿಗೆ ಹೇಗಿರಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ವಿವರಿಸಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ 17 ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲೂ ರೋಗಿಗಳ ಸನ್ನದಿಗೆ ಸ್ಥಾನ ದೊರೆಯಿತು. ಆದರೆ ಕಾನೂನು ಬಳಕೆಗೆ ಬರುವುದು ಅನಾಹುತ ನಡೆದ ಮೇಲೆ. ಗೋಡೆಯ ಮೇಲಿನ ಸನ್ನದು ರೋಗಿಯ ಬಾಯಿಗೆ ಪ್ರಶ್ನೆಯನ್ನು ತಂದುಕೊಡಲಾರದು. ಅದಕ್ಕೆ ಬೇಕಾಗಿರುವುದು ದಿನನಿತ್ಯದ ಸಣ್ಣ ಏರ್ಪಾಡುಗಳು.

ಅಂಥ ಏರ್ಪಾಡಿಗೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಗರ್ಭಿಣಿಯರು 'ತಾಯಿ ಕಾರ್ಡ್' ಅನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ತೂಕ, ರಕ್ತದೊತ್ತಡ, ಚುಚ್ಚುಮದ್ದು, ಮುಂದಿನ ತಪಾಸಣೆಯ ದಿನ ಎಲ್ಲವೂ ಅದರಲ್ಲಿರುತ್ತವೆ. ಆಶಾ ಕಾರ್ಯಕರ್ತೆಯೂ ವೈದ್ಯರೂ ಅದನ್ನೇ ನೋಡುತ್ತಾರೆ. ದಾಖಲೆ ಆಸ್ಪತ್ರೆಯ ಕಪಾಟಿನಲ್ಲಲ್ಲ, ಆಕೆಯ ಕೈಯಲ್ಲಿದೆ. ಮಧುಮೇಹಿಗಳಿಗೂ ಇಂಥದೊಂದು ಕನ್ನಡದ ಕೈಪುಸ್ತಕ ಏಕಿರಬಾರದು? ಸಕ್ಕರೆ ಮತ್ತು ರಕ್ತದೊತ್ತಡದ ಅಂಕಿಗಳ ಜೊತೆಗೆ ಕಣ್ಣು, ಮೂತ್ರಪಿಂಡ, ಪಾದಗಳ ವಾರ್ಷಿಕ ತಪಾಸಣೆಯ ದಿನಾಂಕ ಅದರಲ್ಲಿರಲಿ. ಒಂದು ಪುಟ ರೋಗಿ ನಿಜವಾಗಿ ಸೇವಿಸುತ್ತಿರುವ ಔಷಧಗಳಿಗೆ, ಮನೆಮದ್ದೂ ಸೇರಿ. ಇನ್ನೊಂದು ಪುಟ ರೋಗಿಯ ಪ್ರಶ್ನೆಗಳಿಗೆ, ವೈದ್ಯರ ಉತ್ತರಕ್ಕೆ. ಇದರ ಮುದ್ರಣಕ್ಕೆ ತಗಲುವ ವೆಚ್ಚ, ಕಾಲು ಕಳೆದುಕೊಂಡ ಒಬ್ಬ ರೋಗಿಯ ಕುಟುಂಬ ಅನುಭವಿಸುವ ನಷ್ಟದ ಮುಂದೆ ಏನೇನೂ ಅಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಮ್ಮ ಆಡಳಿತ ಯಂತ್ರ ಎಣಿಸಲು ಸುಲಭವಾದುದನ್ನಷ್ಟೇ ಎಣಿಸುತ್ತದೆ. 2025ರೊಳಗೆ 7.5 ಕೋಟಿ ಮಧುಮೇಹಿ ಮತ್ತು ರಕ್ತದೊತ್ತಡದ ರೋಗಿಗಳನ್ನು ಚಿಕಿತ್ಸೆಯ ವ್ಯಾಪ್ತಿಗೆ ತರುವ ಗುರಿಯನ್ನು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲಲ್ಲೇ ತಪಾಸಣೆಯ ಉದ್ದೇಶ ಹೊಂದಿದೆ. ಎರಡೂ ಮೆಚ್ಚತಕ್ಕವೇ. ಆದರೆ ಎಷ್ಟು ಜನರ ರಕ್ತ ಪರೀಕ್ಷಿಸಿದೆವು, ಎಷ್ಟು ಮಾತ್ರೆ ಹಂಚಿದೆವು ಎಂಬ ಲೆಕ್ಕ ಒಂದು, ಎಷ್ಟು ಜನಕ್ಕೆ ತಮ್ಮ ಕಾಯಿಲೆ ಅರ್ಥವಾಗಿದೆ ಎಂಬುದು ಇನ್ನೊಂದು. ಆಸ್ಪತ್ರೆಯಿಂದ ಹೊರಬರುವ ಮಧುಮೇಹಿಗಳಲ್ಲಿ ಕೆಲವರನ್ನು ಆಗಾಗ ನಿಲ್ಲಿಸಿ 'ಇವತ್ತು ಕೊಟ್ಟ ಮಾತ್ರೆ ಏತಕ್ಕೆ, ಯಾವಾಗ ನುಂಗಬೇಕು, ತಲೆ ಸುತ್ತಿದರೆ ಏನು ಮಾಡುತ್ತೀರಿ' ಎಂದು ಕೇಳಿ ಅದರ ಫಲಿತಾಂಶವನ್ನು ಮಾಸಿಕ ವರದಿಯಲ್ಲಿ ಸೇರಿಸಿದರೆ ಜಿಲ್ಲಾ ಅಧಿಕಾರಿಗಳ ಗಮನ ತಾನಾಗಿಯೇ ಆ ಕಡೆ ಹರಿಯುತ್ತದೆ.

ವೈದ್ಯ ಶಿಕ್ಷಣದಲ್ಲಿ ಬದಲಾವಣೆಯ ಸೂಚನೆಗಳಿವೆ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೈತಿಕತೆ ಮತ್ತು ಸಂವಹನಕ್ಕೆ ಪ್ರತ್ಯೇಕ ಭಾಗ ಮೀಸಲಾಗಿದೆ. ಆದರೆ ವಿದ್ಯಾರ್ಥಿಗಳು ಕಲಿಯುವುದು ಪಠ್ಯದಿಂದಲ್ಲ, ವಾರ್ಡಿನಲ್ಲಿ ಹಿರಿಯ ವೈದ್ಯರು ನಡೆದುಕೊಳ್ಳುವ ರೀತಿಯಿಂದ. ಹೊರರಾಜ್ಯದಿಂದ ಬಂದ ವೈದ್ಯರಿಗೆ ಆಸ್ಪತ್ರೆಗಳು ಜೋಮು, ಉರಿ, ತಲೆಸುತ್ತು, ಕಣ್ಣು ಮಂಜು, ನಡುಕ, ಸುಸ್ತು ಎಂಬಂಥ ನೂರು ಕನ್ನಡ ಪದಗಳನ್ನಾದರೂ ಕಲಿಸಬೇಕು. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ರೋಗನಿದಾನದ ಪ್ರಶ್ನೆ.

ವ್ಯವಸ್ಥೆ ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಭೇಟಿಗೆ ಮುನ್ನ ಕೇಳಬೇಕಾದುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು, ಬಿಟ್ಟ ಮಾತ್ರೆಯನ್ನೂ ಕುಡಿದ ಕಷಾಯವನ್ನೂ ಮುಚ್ಚಿಡದೆ ಹೇಳುವುದು, ವೈದ್ಯರು ಕೇಳದಿದ್ದರೂ ಚಪ್ಪಲಿ ಬಿಚ್ಚಿ ಪಾದ ತೋರಿಸುವುದು, ಅಡುಗೆ ಮಾಡುವವರನ್ನು ಜೊತೆಗೆ ಕರೆದೊಯ್ಯುವುದು, ಹೊರಡುವ ಮುನ್ನ ತಿಳಿದದ್ದನ್ನು ಒಮ್ಮೆ ವೈದ್ಯರಿಗೇ ಹೇಳಿ ಖಾತ್ರಿಪಡಿಸಿಕೊಳ್ಳುವುದು – ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವ ಮಕ್ಕಳು ಮೊದಲ ಮಾತನ್ನು ಅವರಿಗೇ ಬಿಟ್ಟುಕೊಡಬೇಕು.

ಕೆನಡಾದ ಟೊರಾಂಟೊದಲ್ಲಿ ರೋಗಿಯೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದು 1922ರ ಜನವರಿಯಲ್ಲಿ. ಅಂದಿನಿಂದ ಇಂದಿನವರೆಗೆ ಔಷಧವಿಜ್ಞಾನ ಬಹುದೂರ ಸಾಗಿದೆ. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಜನೌಷಧಿ ಕೇಂದ್ರಗಳಲ್ಲಿ ಅಗ್ಗದ ದರಕ್ಕೆ ದೊರೆಯುತ್ತಿದೆ. ಹಾಗಿದ್ದೂ ಕಣ್ಣು, ಕಾಲು, ಮೂತ್ರಪಿಂಡಗಳನ್ನು ಕಳೆದುಕೊಳ್ಳುವವರ ಸಾಲು ಕರಗುತ್ತಿಲ್ಲವೆಂದರೆ ಕೊರತೆ ಔಷಧದ್ದಷ್ಟೇ ಅಲ್ಲ ಎಂದಾಯಿತು. ರೋಗಿಯ ಮಾತಿಗೆ ಸಮಾಲೋಚನೆಯಲ್ಲಿ ಜಾಗ ಮಾಡಿಕೊಡುವುದು ಉಪಕಾರವಲ್ಲ, ಅದು ಚಿಕಿತ್ಸೆಯ ಭಾಗ. ಆರೋಗ್ಯ ಇಲಾಖೆ ಅದಕ್ಕಾಗಿ ಸಿಬ್ಬಂದಿಯನ್ನೂ ಸಮಯವನ್ನೂ ಒದಗಿಸುವ ಕೆಲಸವನ್ನು ಒಂದೆರಡು ತಾಲ್ಲೂಕು ಆಸ್ಪತ್ರೆಗಳಿಂದಲಾದರೂ ಆರಂಭಿಸಲಿ.